ಪರ್ವತದ ದೀರ್ಘ ಓಟ ಮತ್ತು ದೇಹದ ಮಾತು

ಇತ್ತೀಚಿನ ವರ್ಷಗಳಲ್ಲಿ ನಮ್ಮ ಭಕ್ತರ ಮನೆಗಳ ಅನೇಕ ತರುಣ ತರುಣಿಯರು ಮುಂಜಾನೆಯ ಓಟವನ್ನು ರೂಢಿಸಿಕೊಂಡಿರುವುದು ಸಂತೋಷದ ಸಂಗತಿ. ಐದು, ಹತ್ತು ಕಿಲೋಮೀಟರುಗಳಿಂದ ಆರಂಭವಾಗುವ ಈ ಹವ್ಯಾಸ 42 ಕಿಲೋಮೀಟರಿನ ಮ್ಯಾರಥಾನ್‌ವರೆಗೆ ಬೆಳೆಯುತ್ತದೆ. ಅಲ್ಲಿಗೂ ತೃಪ್ತರಾಗದ ಕೆಲವರ ದೃಷ್ಟಿ ಪರ್ವತಗಳ ಕಡೆಗೆ ಹೊರಳುತ್ತದೆ. ಬೆಟ್ಟಗಳನ್ನು ಹತ್ತಿ ಇಳಿಯುತ್ತ ನೂರು ಕಿಲೋಮೀಟರಿಗೂ ಮಿಕ್ಕಿ ಸಾಗುವ ಇಂತಹ ಸ್ಪರ್ಧೆಗಳನ್ನು ಪರ್ವತ ಅಲ್ಟ್ರಾಮ್ಯಾರಥಾನ್ ಎನ್ನುತ್ತಾರೆ. ಇದಕ್ಕೆ ಹೆಸರು ಕೊಟ್ಟು ಬಂದ ಮಗನನ್ನು ತಡೆಯಬೇಕೇ, ಹರಸಿ ಕಳುಹಿಸಬೇಕೇ ಎಂಬುದು ತಂದೆತಾಯಿಗಳ ಪ್ರಶ್ನೆ. ತಡೆಯಬೇಕಾಗಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಈ ಓಟದಲ್ಲಿ ಓಡುವ ಶಕ್ತಿಗಿಂತ ನಿಲ್ಲುವ ವಿವೇಕ ದೊಡ್ಡದು. ಅದನ್ನು ಕಲಿಯದವನು ಎಷ್ಟೇ ಬಲಶಾಲಿಯಾದರೂ ಹೊರಡಬಾರದು.

ಈ ಬಗೆಯ ಓಟಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ನಡೆಯುವ ಅಲ್ಟ್ರಾ ಟ್ರೈಲ್ ದು ಮೋಂ ಬ್ಲಾಂ. ಫ್ರಾನ್ಸಿನ ಶಾಮೋನಿ ಪಟ್ಟಣದಿಂದ ಹೊರಟು, ಇಟಲಿ ಮತ್ತು ಸ್ವಿಟ್ಜರ್ಲೆಂಡ್‌ಗಳನ್ನು ಹಾದು, ಮೋಂ ಬ್ಲಾಂ ಪರ್ವತವನ್ನು ಒಂದು ಸುತ್ತು ಹಾಕಿ ಮತ್ತೆ ಶಾಮೋನಿಗೇ ಬಂದು ಸೇರಬೇಕು. ದೂರ ಸುಮಾರು 170 ಕಿಲೋಮೀಟರ್. ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 10,000 ಮೀಟರ್, ಅಂದರೆ ಸಮುದ್ರಮಟ್ಟದಿಂದ ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಐದು ಬಾರಿ ಏರಿದಷ್ಟು. ಇದಕ್ಕೆ ಕೊಡುವ ಅವಧಿ ನಲವತ್ತಾರೂವರೆ ಗಂಟೆ. ಜಗತ್ತಿನ ಶ್ರೇಷ್ಠ ಓಟಗಾರರು ಇಪ್ಪತ್ತು ಗಂಟೆಗಳ ಒಳಗೆ ಮುಗಿಸಿರುವುದುಂಟು. ಉಳಿದವರಲ್ಲಿ ಬಹುಮಂದಿ ಎರಡು ರಾತ್ರಿಗಳನ್ನು ನಿದ್ರೆಯಿಲ್ಲದೆ ಕಳೆಯುತ್ತಾರೆ. 2003ರಲ್ಲಿ ಮೊದಲ ಬಾರಿಗೆ ನಡೆದಾಗ 700ಕ್ಕೂ ಹೆಚ್ಚು ಮಂದಿ ಹೊರಟಿದ್ದರು. ಗುರಿ ಮುಟ್ಟಿದವರು 67 ಮಂದಿ ಮಾತ್ರ. ಇಂದಿಗೂ ಪ್ರತಿ ವರ್ಷ ನೂರಾರು ಜನ ನಡುದಾರಿಯಲ್ಲಿ ನಿಲ್ಲುತ್ತಾರೆ. ಅದನ್ನು ಅಲ್ಲಿ ಯಾರೂ ಅವಮಾನವೆಂದು ಬಗೆಯುವುದಿಲ್ಲ.

ಬೆಟ್ಟ ಹತ್ತುವುದೇ ಕಷ್ಟ, ಇಳಿಯುವುದು ಸುಲಭ ಎಂದು ನಾವು ತಿಳಿದಿರುತ್ತೇವೆ. ಸ್ನಾಯುಗಳ ಮಟ್ಟಿಗೆ ಇದು ತಲೆಕೆಳಗಾದ ಮಾತು. ಏರುವಾಗ ದುಡಿಯುವುದು ಹೃದಯ ಮತ್ತು ಶ್ವಾಸಕೋಶ. ಇಳಿಯುವಾಗ ತೊಡೆಯ ಸ್ನಾಯುಗಳು ದೇಹದ ಭಾರವನ್ನು ತಡೆದು ನಿಲ್ಲಿಸುತ್ತ ಎಳೆತಕ್ಕೆ ಸಿಕ್ಕಿ, ಅವುಗಳ ಸೂಕ್ಷ್ಮ ಎಳೆಗಳು ಹರಿಯುತ್ತವೆ. ಹೀಗೆ ಹರಿದ ಸ್ನಾಯುಗಳಿಂದ ಮಯೋಗ್ಲೋಬಿನ್ ಎಂಬ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ತಲುಪುತ್ತದೆ. ಅದು ಮಿತಿ ಮೀರಿದಾಗ ಮೂತ್ರದ ಬಣ್ಣ ಕಾಫಿಯ ಡಿಕಾಕ್ಷನ್ನಿನಂತಾಗುತ್ತದೆ. ಆ ಬಣ್ಣ ಕಂಡ ಕ್ಷಣವೇ ಓಟ ಮುಗಿಯಿತೆಂದು ತಿಳಿದು ಆಸ್ಪತ್ರೆಗೆ ಹೋಗಬೇಕು.

ಮೂತ್ರಪಿಂಡಗಳು ಹೀಗೆ ಹೆಣಗುತ್ತಿರುವಾಗ ಓಟಗಾರನು ನೋವಿನ ಮಾತ್ರೆ ನುಂಗುತ್ತಾನೆ. ದೀರ್ಘ ಶ್ರಮದಲ್ಲಿ ಮೂತ್ರಪಿಂಡಗಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಅಲ್ಲಿನ ರಕ್ತನಾಳಗಳು ಮುಚ್ಚಿಕೊಳ್ಳದಂತೆ ದೇಹವೇ ಒಂದು ರಾಸಾಯನಿಕವನ್ನು ಸ್ರವಿಸಿ ಕಾಪಾಡಿಕೊಳ್ಳುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್‌ನಂತಹ ಮಾತ್ರೆಗಳು ಆ ರಾಸಾಯನಿಕವನ್ನೇ ತಡೆಯುತ್ತವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು 80 ಕಿಲೋಮೀಟರ್ ಓಡುವವರಲ್ಲಿ ಕೆಲವರಿಗೆ ಐಬುಪ್ರೊಫೆನ್, ಇನ್ನು ಕೆಲವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ಪರೀಕ್ಷಿಸಲಾಯಿತು. ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 34ರಷ್ಟು ಮಂದಿಯ ಮೂತ್ರಪಿಂಡಗಳಿಗೆ ತತ್ಕಾಲದ ಪೆಟ್ಟು ಬಿದ್ದಿದ್ದರೆ, ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ ಶೇ. 52ರಷ್ಟು ಮಂದಿಗೆ ಪೆಟ್ಟು ಬಿದ್ದಿತ್ತು. ಯುಗಾದಿಯ ಹೊತ್ತಿಗೆ ಉರಿಬಿಸಿಲಿನಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ ಮಾಡುವ ನಮ್ಮ ಭಕ್ತರಿಗೂ ಈ ಮಾತು ಸಲ್ಲುತ್ತದೆ. ಮೊಣಕಾಲು ನೋವಿಗೆಂದು ಔಷಧದಂಗಡಿಯಿಂದ ಹಾಳೆಗಟ್ಟಲೆ ಮಾತ್ರೆ ಕೊಂಡು ಜೋಳಿಗೆಗೆ ಹಾಕಿಕೊಳ್ಳುವವರು ಕಡಿಮೆಯೇನಿಲ್ಲ.

ನೀರಿನ ವಿಚಾರದಲ್ಲೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಎಷ್ಟು ಕುಡಿದರೆ ಅಷ್ಟು ಒಳ್ಳೆಯದೆಂಬ ನಂಬಿಕೆಯಿಂದ ಬಾಯಾರಿಕೆಯಿಲ್ಲದಿದ್ದರೂ ಕುಡಿಯುತ್ತ ಹೋದರೆ ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶ, ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದವರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಇದು ವಿಪರೀತಕ್ಕೆ ಹೋದರೆ ಮಿದುಳು ಊದಿಕೊಳ್ಳುತ್ತದೆ, ಪ್ರಾಣಕ್ಕೇ ಸಂಚಕಾರ. ತಲೆನೋವು, ವಾಂತಿ, ಬೆರಳಿನ ಉಂಗುರ ಬಿಗಿಯಾಗುವುದು, ಮಾತು ತಡವರಿಸುವುದು ಇದರ ಸೂಚನೆಗಳು. ಇದನ್ನು ನಿರ್ಜಲೀಕರಣವೆಂದು ತಪ್ಪಾಗಿ ತಿಳಿದು ಮತ್ತಷ್ಟು ನೀರು ಕುಡಿಸುವವರೂ ಇದ್ದಾರೆ. ಬಾಯಾರಿದಾಗ, ಬಾಯಾರಿಕೆ ತೀರುವಷ್ಟು ಕುಡಿಯುವುದೇ ಸರಿಯಾದ ಕ್ರಮ.

ಇನ್ನು ಚಳಿಯ ಮಾತು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರಿನ ಪರ್ವತ ಓಟಕ್ಕೆ 172 ಮಂದಿ ಹೊರಟರು. ಬೆಟ್ಟದ ಏರಿನಲ್ಲಿದ್ದಾಗ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಒಟ್ಟಿಗೇ ಎರಗಿದವು. ಗಾಳಿ ತಡೆಯುವ ಅಂಗಿಯನ್ನು ಕಡ್ಡಾಯ ಮಾಡಿರಲಿಲ್ಲ. ಹೆಚ್ಚಿನವರ ಮೈಮೇಲೆ ತೆಳು ಬಟ್ಟೆಯಷ್ಟೇ ಇತ್ತು. ಒಟ್ಟು 21 ಮಂದಿ ಮೃತಪಟ್ಟರು. ಅವರು ದುರ್ಬಲರೇನಲ್ಲ. ಚೀನಾದ ಅಗ್ರಗಣ್ಯ ದೂರದ ಓಟಗಾರನಾಗಿದ್ದ ಲಿಯಾಂಗ್ ಜಿಂಗ್ ಅವರಲ್ಲೊಬ್ಬ. ಮುಂದೆ ಇದ್ದವರೇ ಮೊದಲು ಆ ಬಯಲು ಏರಿಗೆ ಹೋಗಿ ಸಿಲುಕಿದರು. ಬೇಗನೆ ಹಿಂದಿರುಗಿ ಇಳಿದವರು ಬದುಕಿದರು. ಅಲ್ಲಿ ಕುರಿ ಕಾಯುತ್ತಿದ್ದ ಒಬ್ಬಾತ ತಾನು ತಂಗುತ್ತಿದ್ದ ಗುಹೆಗೆ ಆರು ಮಂದಿಯನ್ನು ಕರೆತಂದು, ಬೆಂಕಿ ಹಾಕಿ ಬೆಚ್ಚಗಿರಿಸಿ ಉಳಿಸಿದ. ದಣಿದ ದೇಹದಲ್ಲಿ ನಡುಗಿ ಶಾಖ ಹುಟ್ಟಿಸಲು ಬೇಕಾದ ಇಂಧನವೇ ಉಳಿದಿರುವುದಿಲ್ಲ. ಒದ್ದೆ ಬಟ್ಟೆ ಇದ್ದ ಶಾಖವನ್ನೂ ಹೀರುತ್ತದೆ. ಆಲ್ಪ್ಸ್‌ನ ಓಟದಲ್ಲಿ ಟೋಪಿಯುಳ್ಳ ಮಳೆಯಂಗಿ, ಎರಡು ತಲೆದೀಪ, ಸೀಟಿ, ಶಾಖ ಉಳಿಸುವ ಹೊದಿಕೆ ಇವುಗಳಿಲ್ಲದೆ ಯಾರನ್ನೂ ಬಿಡುವುದಿಲ್ಲ. ಇವು ಭಾರವೆಂದು ಗೊಣಗುವ ಯುವಕರಿಗೆ ಗಾನ್ಸುವಿನ ಸಂಗತಿಯನ್ನು ಹೇಳಬೇಕು.

ನಮ್ಮ ದೇಶದ ಲಡಾಖಿನಲ್ಲಿ ನಡೆಯುವ 72 ಕಿಲೋಮೀಟರಿನ ಖರ್ದುಂಗ್ ಲಾ ಚಾಲೆಂಜ್‌ನಲ್ಲಿ 5,300 ಮೀಟರಿಗೂ ಎತ್ತರದ ಕಣಿವೆದಾರಿಯನ್ನು ದಾಟಬೇಕು. ಅಲ್ಲಿ ಪ್ರಾಣವಾಯುವಿನ ಕೊರತೆಯೇ ಮುಖ್ಯ ಶತ್ರು. ಬಯಲುಸೀಮೆಯಿಂದ ಹೋದವರು ವಾರಗಟ್ಟಲೆ ಮೊದಲೇ ಲೇಹ್‌ನಲ್ಲಿದ್ದು ದೇಹವನ್ನು ಹೊಂದಿಸಿಕೊಳ್ಳದೆ ಓಡುವುದು ದುಸ್ಸಾಹಸ. ಇದರಲ್ಲಿ ಚರ್ಚೆಗೆ ಆಸ್ಪದವೇ ಇಲ್ಲ.

ದೇಹ ಸೋತರೂ ಮನಸ್ಸು ಗೆಲ್ಲಿಸುತ್ತದೆ ಎಂಬ ಘೋಷಣೆ ಈ ಓಟಗಾರರಲ್ಲಿ ಬಹಳ ಪ್ರಚಲಿತ. ನಾನು ಇದನ್ನು ಒಪ್ಪಲಾರೆ. ಮೂವತ್ತು ಗಂಟೆ ಎಚ್ಚರವಿದ್ದ ಮೇಲೆ ಮನಸ್ಸೇ ಮೊದಲು ಹಳಿ ತಪ್ಪುತ್ತದೆ. ಎರಡನೆಯ ರಾತ್ರಿ ಬಂಡೆಗಳು ಮನುಷ್ಯರಂತೆ ಕಾಣುವುದು, ಇಲ್ಲದ ಮನೆಗಳು ಕಾಣುವುದು ಈ ಓಟಗಾರರಿಗೆ ಸಾಮಾನ್ಯ ಅನುಭವ. ಅಂತಹ ಮನಸ್ಸು ‘ಇನ್ನೂ ಹೋಗು’ ಎಂದರೆ ಅದನ್ನು ನಂಬುವುದು ಹೇಗೆ? ಆದ್ದರಿಂದ ಯಾವ ಲಕ್ಷಣ ಕಂಡರೆ ನಿಲ್ಲಬೇಕೆಂಬುದನ್ನು ಮನೆಯಲ್ಲಿದ್ದಾಗಲೇ, ತಿಳಿಯಾದ ಮನಸ್ಸಿನಲ್ಲಿ ಬರೆದಿಡಬೇಕು. ಅದರ ಒಂದು ಪ್ರತಿ ಜೊತೆಗೆ ಬರುವವರ ಕೈಯಲ್ಲಿರಬೇಕು. ನಿಲ್ಲಿಸುವ ಅಧಿಕಾರವೂ ಅವರಿಗಿರಬೇಕು.

ಇಟಲಿಯಲ್ಲಿ ಟೋರ್ ದೆ ಜೆಯಾಂ ಎಂಬ 330 ಕಿಲೋಮೀಟರಿನ ಇನ್ನೂ ದೀರ್ಘವಾದ ಓಟವಿದೆ. ಅದನ್ನು ಮುಗಿಸಿದವರನ್ನು ಸಂಶೋಧಕರು ಪರೀಕ್ಷಿಸಿದಾಗ, ಅದರ ಅರ್ಧದಷ್ಟು ದೂರದ ಮೋಂ ಬ್ಲಾಂ ಓಟಗಾರರಿಗಿಂತ ಅವರ ಸ್ನಾಯುಗಳಿಗೆ ಕಡಿಮೆ ಹಾನಿಯಾಗಿತ್ತು. ದೂರ ಹೆಚ್ಚೆಂದು ಬಲ್ಲ ಅವರು ನಿಧಾನವಾಗಿ ಹೋಗಿದ್ದರು. ಮೊದಲ ಬಾರಿಗೆ ಹೋಗುವವರು ಏರುಗಳನ್ನು ನಡೆದೇ ಹತ್ತಲಿ. ಅನುಭವಿಗಳು ಮಾಡುವುದೂ ಅದನ್ನೇ. ಎರಡು ಮೂರು ವರ್ಷ ಮಲೆನಾಡಿನ ಗುಡ್ಡಗಳಲ್ಲಿ ಅಭ್ಯಾಸ ಮಾಡಿ, 50 ಕಿಲೋಮೀಟರಿನ ಓಟಗಳನ್ನು ಆರೋಗ್ಯವಾಗಿ ಮುಗಿಸಿದ ಮೇಲೆ ದೊಡ್ಡದಕ್ಕೆ ಹೆಸರು ಕೊಡಬಹುದು. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹವುಳ್ಳವರು ವೈದ್ಯರ ತಪಾಸಣೆಯಿಲ್ಲದೆ ಅಭ್ಯಾಸವನ್ನೇ ಆರಂಭಿಸಬಾರದು.

ಓಟ ಮುಗಿದ ಮೇಲಿನ ಒಂದೆರಡು ದಿನಗಳನ್ನು ಬಹಳಷ್ಟು ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ದಿನಗಳಲ್ಲಿ ಮೂತ್ರದ ಬಣ್ಣ ಮತ್ತು ಪ್ರಮಾಣವನ್ನು ಗಮನಿಸುತ್ತಿರಬೇಕು. ಆಗಲೂ ನೋವಿನ ಮಾತ್ರೆ ಬೇಡ. ಎರಡು ರಾತ್ರಿ ನಿದ್ರೆಗೆಟ್ಟವನು ತಾನೇ ಕಾರು ಓಡಿಸಿಕೊಂಡು ಊರಿಗೆ ಹೊರಡುವುದಂತೂ ಕೂಡದು. ಅಲ್ಲಿಯೇ ಒಂದು ರಾತ್ರಿ ಮಲಗಿ ಎದ್ದು ಬರಲಿ, ಇಲ್ಲವೇ ಮನೆಯವರೊಬ್ಬರು ಹೋಗಿ ಕರೆತರಲಿ.