ಎಳ್ಳು-ಬೆಲ್ಲ: ಶಾಸ್ತ್ರವೋ, ಸುಗ್ಗಿಯೋ?

ಮಕರ ಸಂಕ್ರಾಂತಿಯ ದಿನ ಎಳ್ಳು-ಬೆಲ್ಲ ತಿಂದರೆ ವರ್ಷವೆಲ್ಲ ಶುಭವಾಗುವುದೆಂದು ನಮ್ಮ ಹಿರಿಯರ ನಂಬಿಕೆ. ಇದನ್ನು ಮೂಢನಂಬಿಕೆಯೆಂದು ನಗುವ ಮಿತ್ರರು ನಮ್ಮಲ್ಲುಂಟು. ಋಷಿಗಳು ದೇಹಪೋಷಣೆಯ ಲೆಕ್ಕ ಹಾಕಿ ವಿಧಿಸಿದ ಆಹಾರವೆಂದು ಹೊಗಳುವವರೂ ಉಂಟು. ನನಗೆ ಈ ಎರಡು ಮಾತೂ ಒಪ್ಪಿಗೆಯಿಲ್ಲ. ಈ ಪದ್ಧತಿಯ ಬೇರನ್ನು ರೈತನ ಕಣಜದಲ್ಲಿ ಹುಡುಕಬೇಕೆಂದು ನನ್ನ ಅಭಿಪ್ರಾಯ.

ಕಾಲವನ್ನೇ ನೋಡಿ. ಮುಂಗಾರಿನಲ್ಲಿ ಬಿತ್ತಿದ ಎಳ್ಳು ಅಷ್ಟರಲ್ಲಿ ಮನೆ ಸೇರಿರುತ್ತದೆ. ಮಂಡ್ಯದ ಸುತ್ತಿನ ಆಲೆಮನೆಗಳಲ್ಲಿ ಹೊಸ ಬೆಲ್ಲ ತಯಾರಾಗುತ್ತಿರುತ್ತದೆ. ಚಳಿಗೆ ಮೈ ಒಡೆಯುವ ದಿನಗಳವು. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆಯೇ. ನಮ್ಮ ಮನೆಯಲ್ಲಿ ವಾರ ಮೊದಲೇ ಬೆಲ್ಲವನ್ನೂ ಕೊಬ್ಬರಿಯನ್ನೂ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹರವುತ್ತಾರೆ. ಎಳ್ಳು, ಕಡಲೆಕಾಯಿ ಬೀಜಗಳನ್ನು ಹುರಿದು, ಹುರಿಗಡಲೆ ಸೇರಿಸಿ ಬೆರೆಸುತ್ತಾರೆ. ನೀರಿನ ಪಸೆಯಿಲ್ಲದ ಈ ತಿನಿಸು ಬೇಗ ಕೆಡದು. ಊರಿಗೆ ಹಂಚಲು ಇದಕ್ಕಿಂತ ಅನುಕೂಲವಾದುದು ಯಾವುದು?

ಇನ್ನು ಕಡಲೆಕಾಯಿಯ ಸಂಗತಿ. ಅದರ ತವರು ದಕ್ಷಿಣ ಅಮೆರಿಕ. 16ನೆಯ ಶತಮಾನಕ್ಕೆ ಮೊದಲು ಅದು ಭಾರತದಲ್ಲಿರಲಿಲ್ಲ. ಋಷಿಗಳು ಅದನ್ನು ಕಂಡಿರಲಾರರು. ಹೊಲಕ್ಕೆ ಬಂದ ಹೊಸ ಬೆಳೆಯನ್ನು ನಮ್ಮ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ತಟ್ಟೆಗೂ ತಂದರು. ಹೀಗೆ ಬದಲಾಗುತ್ತ ಬಂದುದನ್ನು ಬದಲಾಗದ ಶಾಸ್ತ್ರವೆನ್ನುವುದು ಹೇಗೆ?

ಮತ್ತೊಂದು ಮಾತು. ಒಬ್ಬರ ಮನೆಯ ಅನ್ನವನ್ನು ಮತ್ತೊಬ್ಬರು ಮುಟ್ಟದಿದ್ದ ಕಾಲದಲ್ಲೂ ಹುರಿದ ಒಣ ತಿನಿಸಿಗೆ ಮಡಿಯ ತಡೆ ಅಷ್ಟಿರಲಿಲ್ಲ. ಅನ್ನ ದಾಟದ ಹೊಸ್ತಿಲನ್ನು ಎಳ್ಳು ದಾಟಬಲ್ಲುದಾಗಿತ್ತು. “ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡಿ” ಎಂಬ ನುಡಿಯ ಪ್ರಯೋಜನವೂ ಇದೇ: ಮುನಿದ ನೆರೆಯವರ ಬಾಗಿಲಿಗೆ ವರ್ಷಕ್ಕೊಮ್ಮೆಯಾದರೂ ಹೋಗಲು ಅದೊಂದು ನೆಪ.

ಆದರೆ ನಾವು ಅದನ್ನು ಎಲ್ಲ ಬಾಗಿಲಿಗೂ ಒಯ್ಯಲಿಲ್ಲ. ಎಳ್ಳು ಬೀರುವ ಸಂಭ್ರಮದಿಂದ ವಿಧವೆಯರನ್ನು ಬಹು ಕಡೆ ದೂರವಿಟ್ಟೆವು. ಊರ ಹೊರಗಿನ ಕೇರಿಯ ತನಕ ನಮ್ಮ ತಟ್ಟೆ ನಡೆಯಲಿಲ್ಲ. ಹೊಲದಲ್ಲಿ ಎಳ್ಳು ಕೊಯ್ದವರು, ಕಬ್ಬು ಕಡಿದವರು ಆ ಕೇರಿಯವರೇ ಆಗಿದ್ದರೂ. ಸುಗ್ಗಿಯನ್ನು ಹಂಚಿಕೊಳ್ಳುವುದೇ ಈ ಹಬ್ಬದ ಶುಭವಾಗಿದ್ದರೆ, ಆ ಶುಭ ಇನ್ನೂ ಅರ್ಧವೇ ಆಗಿದೆ.

ದೂರದ ಕಡಲೆಕಾಯಿಗೆ ಸ್ಥಳ ಕೊಟ್ಟವರಿಗೆ ಹತ್ತಿರದ ಮನುಷ್ಯರಿಗೆ ಕೊಡುವುದು ಕಷ್ಟವಾಗಬಾರದು. ಬರುವ ಸಂಕ್ರಾಂತಿಗೆ ನಮ್ಮ ಕಾಲೇಜಿನ ಸೋದರ ಸೋದರಿಯರು ಮೊದಲು ಆ ಮನೆಗಳಿಗೆ ಎಳ್ಳು ಬೀರಲಿ. ಅವರು ಕೊಟ್ಟುದನ್ನೂ ಅಲ್ಲೇ ಕುಳಿತು ತಿಂದು ಬರಲಿ.