ಯಾರೂ ತಿದ್ದದ ಸುಳ್ಳು

ಶಾಲೆಯ ರಸಪ್ರಶ್ನೆಯಲ್ಲಿ ಭೂಮಿ ದುಂಡಗಿದೆಯೆಂದು ಸಾಧಿಸಿದವರು ಯಾರೆಂದು ಕೇಳುತ್ತಾರೆ. ಕೊಲಂಬಸ್ ಎನ್ನುವ ಮಗುವಿಗೆ ಅಂಕ ಸಿಗುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಕೂತವರಲ್ಲಿ ಒಬ್ಬರೂ ತಿದ್ದುವುದಿಲ್ಲ. ನಮ್ಮ ಕಳವಳ ಆ ತಿದ್ದದ ಸಭೆಯ ಬಗ್ಗೆ.

1492ರಲ್ಲಿ ಕೊಲಂಬಸ್ ಹಡಗು ಹತ್ತಿದಾಗ ಯೂರೋಪಿನ ಓದುಬಲ್ಲವರಿಗೆ ಭೂಮಿಯ ಆಕಾರದ ವಿಷಯದಲ್ಲಿ ಸಂದೇಹವಿರಲಿಲ್ಲ. ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ನೆರಳು ಬಾಗಿರುವುದನ್ನು ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಪುರಾವೆಯಾಗಿ ಕೊಟ್ಟಿದ್ದ. ಇಂಗ್ಲೆಂಡಿನ ಕ್ರೈಸ್ತ ಸನ್ಯಾಸಿ ಬೀಡ್ 725ರಲ್ಲಿ ಭೂಮಿಯನ್ನು ಗೋಲವೆಂದೇ ಬರೆದ. 13ನೇ ಶತಮಾನದ ಸ್ಯಾಕ್ರೊಬಾಸ್ಕೊನ ಪಠ್ಯವೂ ಅದನ್ನೇ ಕಲಿಸುತ್ತಿತ್ತು. ಲ್ಯಾಕ್ಟಾಂಟಿಯಸ್, ಕಾಸ್ಮಾಸ್‌ರಂಥ ಕೆಲವು ಕ್ರೈಸ್ತ ಲೇಖಕರು ಒಪ್ಪಲಿಲ್ಲ, ನಿಜ. ಅವರ ಮಾತು ವಿದ್ವಾಂಸರಲ್ಲಿ ನಡೆಯಲಿಲ್ಲ. ಕೊಲಂಬಸ್ ಜೊತೆ ಪಂಡಿತರು ವಾದಿಸಿದ್ದು ಅಳತೆಯ ಬಗ್ಗೆ. ಭೂಮಿ ಚಿಕ್ಕದು, ಪಶ್ಚಿಮಕ್ಕೆ ಹೋದರೆ ಏಷ್ಯಾ ಹತ್ತಿರ ಎಂಬುದು ಅವನ ಲೆಕ್ಕ. ಪಂಡಿತರ ಲೆಕ್ಕವೇ ಸರಿಯಿತ್ತು. ನಡುವೆ ಅಮೆರಿಕ ಸಿಗದಿದ್ದರೆ ಆ ನಾವಿಕರು ಅನ್ನನೀರಿಲ್ಲದೆ ಸಾಯುತ್ತಿದ್ದರು.

1828ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಬರೆದ ಕೊಲಂಬಸ್ ಚರಿತ್ರೆ ಈ ವಾದವನ್ನು ಮೂಢ ಪಾದ್ರಿಗಳಿಗೂ ಒಬ್ಬ ಧೀರನಿಗೂ ನಡೆದ ಸಂಘರ್ಷವಾಗಿ ಬಣ್ಣಿಸಿತು. ಓದಲು ಸೊಗಸಾಗಿತ್ತು; ಕಥೆ ತಾನೇ ಎಂದು ಬಿಟ್ಟರು. 1874ರಲ್ಲಿ ಡ್ರೇಪರ್, 1896ರಲ್ಲಿ ವೈಟ್ ಎಂಬ ಲೇಖಕರು ಧರ್ಮಕ್ಕೂ ವಿಜ್ಞಾನಕ್ಕೂ ಸಮರವೆಂದು ಬರೆದಾಗ ಆ ಕಥೆ ಸಾಕ್ಷಿಯ ಸ್ಥಾನಕ್ಕೇರಿತು. ಅದನ್ನು ಅಲ್ಲಗಳೆಯಲು 1991ರಲ್ಲಿ ಇತಿಹಾಸಕಾರ ಜೆಫ್ರಿ ರಸೆಲ್ ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ಉಗುರಲ್ಲಿ ಚಿವುಟಬಹುದಾಗಿದ್ದಕ್ಕೆ ಕೊಡಲಿ ಬೇಕಾಯಿತು.

ಈಗ ನಮ್ಮಲ್ಲೇ ಇನ್ನೊಂದು ಮೊಳಕೆ ಕಾಣುತ್ತಿದೆ. ಜಗತ್ತೆಲ್ಲ ಭೂಮಿ ಚಪ್ಪಟೆ ಎನ್ನುತ್ತಿದ್ದಾಗ ನಮ್ಮ ಹಿರಿಯರು ಮಾತ್ರ ಗೋಲವೆಂದು ತಿಳಿದಿದ್ದರು ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿದೆ. ಆರ್ಯಭಟ 5ನೇ ಶತಮಾನದ ಕೊನೆಯಲ್ಲಿ ಭೂಗೋಲವನ್ನು ವಿವರಿಸಿದ್ದು ನಿಜ. ಭೂಮಿ ತೀರ ದೊಡ್ಡದು, ಕಣ್ಣಿಗೆ ಕಾಣುವ ತುಣುಕು ಸಣ್ಣದು, ಆದ್ದರಿಂದ ಸಮತಟ್ಟಾಗಿ ತೋರುತ್ತದೆ ಎಂದು 12ನೇ ಶತಮಾನದ ಭಾಸ್ಕರಾಚಾರ್ಯ ಹೇಳಿದ್ದೂ ನಿಜ. ಆದರೆ ಇದೇ ನಾಡಿನ ಪುರಾಣಗಳಲ್ಲಿ ಮೇರುವಿನ ಸುತ್ತ ಏಳು ದ್ವೀಪಗಳು ಹರಡಿಕೊಂಡ ಸಪಾಟು ಭೂಮಿಯೂ ಇತ್ತು. ಲಲ್ಲ ಎಂಬ ಜ್ಯೋತಿರ್ವಿದ ಅದನ್ನು ಮಿಥ್ಯಾಜ್ಞಾನವೆಂದು ಕರೆದು ವಾದಿಸಿ ಖಂಡಿಸಿದ. ಹೆಮ್ಮೆಪಡಬೇಕಾದ್ದು ಆ ವಾದದ ಬಗ್ಗೆ. ಹಿರಿಯರೆಲ್ಲ ಮೊದಲೇ ತಿಳಿದಿದ್ದರು ಎಂದುಬಿಟ್ಟರೆ ಲಲ್ಲನ ಶ್ರಮಕ್ಕೆ ಜಾಗವೇ ಉಳಿಯುವುದಿಲ್ಲ.

ಒಂದು ವಾಕ್ಯದಿಂದ ಏನಾದೀತು ಎನ್ನುವವರಿದ್ದಾರೆ. ಇರ್ವಿಂಗ್‌ನ ಕಾಲದಲ್ಲೂ ಇದ್ದರು. ಇಂದಿನ ಸಂದೇಶ ನಾಳೆ ಭಾಷಣವಾಗುತ್ತದೆ, ನಾಡಿದ್ದು ಪಾಠವಾಗುತ್ತದೆ. ಪುರಾವೆ ಕೇಳುವ ಮಗು ಆಗ ಉದ್ಧಟನೆನಿಸಿಕೊಳ್ಳುತ್ತದೆ.

ಮನೆಯವರ ಗುಂಪಿಗೆ ಇಂಥ ಸಂದೇಶ ಬಂದ ದಿನವೇ, ಕಳಿಸಿದವರು ಹಿರಿಯರಾದರೂ ಸಂಕೋಚಪಡದೆ, ಇದು ತಪ್ಪೆಂದು ಬರೆಯಿರಿ.