ಗ್ರಂಥಾಲಯ ಕರ ಕಟ್ಟುವವರಲ್ಲಿ ಒಂದು ಅರಿಕೆ

ಮನೆ ಕಂದಾಯದ ರಸೀದಿ ಕೈಗೆ ಸಿಕ್ಕರೆ ಒಮ್ಮೆ ಬಿಡಿಸಿ ನೋಡಿ. ಆರೋಗ್ಯ ಕರ, ಭಿಕ್ಷುಕರ ಕರಗಳ ಜತೆಗೆ ಗ್ರಂಥಾಲಯ ಕರವೂ ಅದರಲ್ಲಿ ಸೇರಿರುತ್ತದೆ. ಕೆಲವು ಕಡೆ ಎಲ್ಲವನ್ನೂ ಒಟ್ಟುಗೂಡಿಸಿ ‘ಸೆಸ್’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಆಸ್ತಿ ತೆರಿಗೆಯ ಮೇಲೆ ಶೇ 6. ಮೂರು ಸಾವಿರ ತೆರಿಗೆ ಕಟ್ಟುವವರು ವರ್ಷಕ್ಕೆ 180 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಡುತ್ತಿದ್ದಾರೆ. ಬಾಡಿಗೆದಾರರು ನಮಗೇನು ಎನ್ನಬೇಡಿ, ಮಾಲೀಕರು ಅದನ್ನು ಬಾಡಿಗೆಯಲ್ಲಿ ಹಿಡಿದಿರುತ್ತಾರೆ.

ಈ ಕರ ಬಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. 2025ಕ್ಕೆ ಅದಕ್ಕೆ ಅರವತ್ತು ತುಂಬಿತು. ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ ಕಬ್ಬನ್ ಪಾರ್ಕಿನಲ್ಲಿ ಕಟ್ಟಿದ ಕೆಂಪು ಭವನ, ಅಂದರೆ ಇಂದಿನ ರಾಜ್ಯ ಕೇಂದ್ರ ಗ್ರಂಥಾಲಯ, ಅದಕ್ಕೂ ಹಿರಿಯದು, ನೂರು ದಾಟಿದೆ. ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು, 1972ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲೇ. ಪುಸ್ತಕಕ್ಕೆ ಬೀಗ ಹಾಕಿ ಕಾಯುವುದು ಗ್ರಂಥಪಾಲಕನ ಕೆಲಸವಲ್ಲ ಎಂದು 1931ರಲ್ಲೇ ಪುಸ್ತಕ ಬರೆದು ವಾದಿಸಿದ್ದವರು ಅವರು. ನಮ್ಮ ಎಷ್ಟೋ ಶಾಖಾ ಗ್ರಂಥಾಲಯಗಳ ಗಾಜಿನ ಬೀರುಗಳಿಗೆ ಈಗಲೂ ಬೀಗವಿದೆ.

ಹಾಗೆಂದು ಅಲ್ಲಿ ಜನರಿಲ್ಲ ಎಂದುಕೊಳ್ಳಬೇಡಿ. ಬೆಂಗಳೂರಿನ ವಿಜಯನಗರದ ಸುತ್ತಮುತ್ತ ಕೋಚಿಂಗ್‌ಗೆಂದು ಬಂದು ಪಿ.ಜಿ.ಗಳಲ್ಲಿ ಉಳಿದಿರುವ ಹುಡುಗ ಹುಡುಗಿಯರನ್ನು ಕೇಳಿ. ರಾಯಚೂರು, ಕಲಬುರಗಿ ಕಡೆಯವರು; ಕೆ.ಎ.ಎಸ್., ಪಿ.ಡಿ.ಒ., ಪಿ.ಎಸ್.ಐ. ಎಂದು ಒಂದಾದ ಮೇಲೊಂದು ಪರೀಕ್ಷೆ ಬರೆಯುವವರು. ನಾಲ್ಕು ಮಂಚ ಹಾಕಿದ ಕೋಣೆಯಲ್ಲಿ ಓದಲು ಜಾಗವೆಲ್ಲಿ? ಬಾಗಿಲು ತೆಗೆಯುವ ಮೊದಲೇ ಬಂದು ಕುರ್ಚಿಯ ಮೇಲೆ ಚೀಲ ಇಟ್ಟು, ನೀರಿನ ಬಾಟಲಿ ಪಕ್ಕಕ್ಕಿರಿಸಿ ಕೂತರೆ ಏಳುವುದು ಊಟಕ್ಕೆ. ಪತ್ರಿಕೆಯ ಮೇಜಿನಲ್ಲಿ ನಿವೃತ್ತರು. ಒಬ್ಬರು ಸಂಪಾದಕೀಯದ ಹಾಳೆ ಹಿಡಿದರೆ ಇನ್ನೊಬ್ಬರು ಕ್ರೀಡಾಪುಟ ಬಿಡಿಸಿಕೊಂಡು ಹೋಗುತ್ತಾರೆ. ಕಾಫಿ ಕೊಳ್ಳದೆ ಇಡೀ ದಿನ ಕೂರಬಹುದಾದ, ಯಾರೂ ‘ಏನ್ ಬೇಕು’ ಎಂದು ಎಬ್ಬಿಸದ ಜಾಗ ಈ ನಗರದಲ್ಲಿ ಬೇರೆ ಎಷ್ಟಿವೆ ಹೇಳಿ.

ತೊಂದರೆ ಇರುವುದು ಹಣದ ದಾರಿಯಲ್ಲಿ. ಕರ ವಸೂಲು ಮಾಡುವುದು ಸ್ಥಳೀಯ ಸಂಸ್ಥೆ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಪ್ರಾಧಿಕಾರ. ಇಲ್ಲಿಂದ ಅಲ್ಲಿಗೆ ಬಾಕಿ ಉಳಿಯುವುದು ಮಾಮೂಲಾಗಿದೆ. ಹೊಸ ಪುಸ್ತಕವಿಲ್ಲ, ಕೆಟ್ಟ ಫ್ಯಾನು ತಿರುಗುವುದಿಲ್ಲ, ಶೌಚಾಲಯದ ಮಾತು ಬೇಡ. ಹೆಣ್ಣುಮಕ್ಕಳು ಬೇಗ ಎದ್ದು ಹೋಗುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಬಂಧುಗಳೇ, ನಿಮ್ಮ ವಾರ್ಡಿನ ಸಭೆಯಲ್ಲಿ ರಸ್ತೆ, ಚರಂಡಿಯ ಜತೆಗೆ ಇದನ್ನೂ ಕೇಳಿ: ನಮ್ಮಿಂದ ಎತ್ತಿದ ಗ್ರಂಥಾಲಯ ಕರ ಎಷ್ಟು, ದಾಟಿಸಿದ್ದು ಎಷ್ಟು? ಬಾಯಲ್ಲಿ ಕೇಳಿ ಬಿಡಬೇಡಿ, ಅರ್ಜಿ ಕೊಡಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು, ಈಗ ‘ಅರಿವು ಕೇಂದ್ರ’ ಎನಿಸಿಕೊಂಡಿವೆ. ಹಳ್ಳಿಯವರು ಗ್ರಾಮಸಭೆಯಲ್ಲೇ ಕೇಳಬಹುದು.

ಪುಸ್ತಕ ದಾನ ಮಾಡುವವರಿಗೆ ಒಂದು ಮಾತು. ಮಗ ಪಾಸಾದ ಹಳೇ ಸಿಲೆಬಸ್ಸಿನ ಗೈಡುಗಳನ್ನು ದಯವಿಟ್ಟು ಅಲ್ಲಿಗೆ ಸಾಗಿಸಬೇಡಿ. ಅದಕ್ಕಿಂತ ಸದಸ್ಯರಾಗಿ. ವಿಳಾಸದ ದಾಖಲೆ, ಸಣ್ಣದೊಂದು ಠೇವಣಿ, ಅಷ್ಟೇ. ಎರವಲು ರಿಜಿಸ್ಟರಿನಲ್ಲಿ ಹೆಸರುಗಳೇ ಇಲ್ಲದಿದ್ದರೆ ಅನುದಾನ ಕೇಳಲು ಗ್ರಂಥಪಾಲಕರ ಕೈಯಲ್ಲಿ ಏನಿರುತ್ತದೆ?

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಅಲ್ಲಿಯವರೆಗೆ ಕಾಯಬೇಕೆಂದೇನೂ ಇಲ್ಲ. ಬರುವ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಸೋಮವಾರ ರಜೆ.